ಮಗುವಿನ ಫೋನ್‌ಗೆ ನಿಗಾ ಆಪ್: ಯಾವುದು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ

ಹೊಸಚಿಗುರು

11 ವರ್ಷದ ಮಗು, ಮೊದಲ ಸ್ವಂತ ಫೋನ್, ಆಂಡ್ರಾಯ್ಡ್ 14. ಮನೆಯ ಹಿರಿಯರಲ್ಲಿ ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್. ಬೇಕಿರುವುದು ನಾಲ್ಕು: ರಾತ್ರಿ ಹೊತ್ತಿಗೆ ಫೋನ್ ತಾನೇ ನಿಲ್ಲಬೇಕು, ಕೇಳದೆ ಆಪ್ ಹಾಕಿಕೊಳ್ಳುವಂತಿರಬಾರದು, ಅಶ್ಲೀಲ ತಾಣಗಳು ತೆರೆದುಕೊಳ್ಳಬಾರದು, ಅಪರಿಚಿತರು ಮೆಸೇಜ್ ಮಾಡಿ ಪುಸಲಾಯಿಸಿದರೆ ತಿಳಿಯಬೇಕು. ಹುಡುಕಿದಲ್ಲೆಲ್ಲ ಪ್ರತಿಯೊಂದು ಆಪ್ ಕೂಡ ಈ ನಾಲ್ಕನ್ನೂ ಮಾಡುತ್ತೇನೆ ಎನ್ನುತ್ತದೆ. ದುಡ್ಡು ಕೊಟ್ಟು ಕೊಳ್ಳುವುದು ಬೇಕೇ, ಗೂಗಲ್‌ನ ಪುಕ್ಕಟೆ ನಿಗಾ ಆಪ್ ಫ್ಯಾಮಿಲಿ ಲಿಂಕ್ ಸಾಕೇ?

ತಂತಿಜಾಲ

ಮೊದಲ ಎರಡಕ್ಕೆ ಗೂಗಲ್ ಫ್ಯಾಮಿಲಿ ಲಿಂಕ್ ಸಾಕು. ಮೂರನೆಯದಕ್ಕೆ ಅರ್ಧ ಸಾಕು. ನಾಲ್ಕನೆಯದಕ್ಕೆ ಅದು ಏನೂ ಮಾಡುವುದಿಲ್ಲ. ಒಂದೇ ಒಂದು ಮೆಸೇಜನ್ನೂ ಅದು ಓದುವುದಿಲ್ಲ, ಕರೆಯನ್ನೂ ಕೇಳಿಸಿಕೊಳ್ಳುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಉಳಿದ ಆಯ್ಕೆ ಸುಲಭ.

ಸಮಯ ಮತ್ತು ಆಪ್ ವಿಷಯದಲ್ಲಿ ಫ್ಯಾಮಿಲಿ ಲಿಂಕ್ ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಅದು ಹೊರಗಿನಿಂದ ಬಂದು ಕೂತ ಆಪ್ ಅಲ್ಲ. ಮಗುವಿನ ಗೂಗಲ್ ಖಾತೆಗೆ, ಫೋನಿನ ಒಳಗೆ ಗೂಗಲ್ ಮೊದಲೇ ಇಟ್ಟಿರುವ ಪ್ಲೇ ಸರ್ವಿಸಸ್ ಎಂಬ ತಂತ್ರಾಂಶಕ್ಕೆ ಹೊಂದಿಕೊಂಡದ್ದು. ಹಾಗಾಗಿ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಅದನ್ನು ಕೊಲ್ಲುವುದಿಲ್ಲ. ಹಿರಿಯರ ಕಡೆಯ ಆಪ್ ಐಫೋನ್‌ನಲ್ಲೂ ಸಿಗುತ್ತದೆ, ಆದ್ದರಿಂದ ನಿಮ್ಮಿಬ್ಬರಿಗೂ ತೊಂದರೆಯಿಲ್ಲ. ಆದರೆ ಮಗುವಿನ ಕೈಯಲ್ಲಿ ಐಫೋನ್ ಇದ್ದಿದ್ದರೆ ಈ ಮಾತು ಬೇರೆಯಾಗುತ್ತಿತ್ತು. ಐಫೋನನ್ನು ಫ್ಯಾಮಿಲಿ ಲಿಂಕ್ ಲಾಕ್ ಮಾಡಲಾರದು.

ಅಳವಡಿಸುವ ಕ್ರಮ ಹೀಗಿರಲಿ:

1. ಫೋನ್ ಹೊಸದಾದರೂ ಸರಿ, ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ ಶುರು ಮಾಡಿ. ಮೊದಲೇ ಹಿರಿಯರ ಖಾತೆ ಹಾಕಿಟ್ಟಿದ್ದರೆ ಮುಂದೆ ಅದನ್ನು ತೆಗೆಯಬೇಕಾಗುತ್ತದೆ.
2. ಹಿರಿಯರ ಫೋನಿನ ಫ್ಯಾಮಿಲಿ ಲಿಂಕ್‌ನಲ್ಲಿ ಮಗುವಿಗೆ ಹೊಸ ಖಾತೆ ಮಾಡಿ. ಹುಟ್ಟಿದ ದಿನಾಂಕ ನಿಜವಾದದ್ದೇ ಇರಲಿ.
3. ಆ ಖಾತೆಯಿಂದಲೇ ಮಗುವಿನ ಫೋನ್ ತೆರೆಯಿರಿ. ಬೇರೆ ಯಾವ ವೈಯಕ್ತಿಕ ಖಾತೆಯೂ ಅದರಲ್ಲಿ ಇರಬಾರದು.
4. ಪ್ಲೇ ಸ್ಟೋರ್ ಅನುಮತಿಯನ್ನು 'ಎಲ್ಲ ಆಪ್‌ಗಳಿಗೂ' ಎಂದು ಇಡಿ. 'ಹಣ ಕೊಡುವವಕ್ಕೆ ಮಾತ್ರ' ಎಂದಿದ್ದರೆ ಪುಕ್ಕಟೆ ಆಪ್‌ಗಳು ಕೇಳದೇ ಬಂದು ಕೂರುತ್ತವೆ.
5. ಸಾಧನದ ಸೆಟ್ಟಿಂಗ್‌ಗಳಲ್ಲಿ ಮೂರು ಸ್ವಿಚ್ ಆಫ್ ಮಾಡಿ: ಬಳಕೆದಾರರನ್ನು ಸೇರಿಸುವುದು, ಅಪರಿಚಿತ ಮೂಲದ ಆಪ್, ಡೆವಲಪರ್ ಆಯ್ಕೆಗಳು.
6. ರಾತ್ರಿಯ ಸಮಯ, ದಿನದ ಮಿತಿ ಹಾಕಿ.

ಐದನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. 'ಬಳಕೆದಾರ' ಸ್ವಿಚ್ ತೆರೆದಿದ್ದರೆ ಮಗು ಫೋನಿನಲ್ಲೇ ಇನ್ನೊಂದು ಪ್ರೊಫೈಲ್ ಮಾಡಿಕೊಂಡು ಅಲ್ಲಿ ಆರಾಮಾಗಿ ಇರಬಹುದು.

ಹೊಸಚಿಗುರು

ತುಂಬಾ ಉಪಕಾರ. ಎರಡು ಅನುಮಾನ. ಲಾಕ್ ಆದಾಗ ಮಗು ತುರ್ತಿಗೆ ಕರೆ ಮಾಡಬಹುದೇ? ಮೂರನೆಯದಕ್ಕೆ ಅರ್ಧ ಮಾತ್ರ ಸಾಕು ಎಂದಿರಿ, ಉಳಿದ ಅರ್ಧ ಏನು?

ತಂತಿಜಾಲ

ಲಾಕ್ ಆದಾಗಲೂ ಬಂದ ಕರೆ ಎತ್ತಬಹುದು, ತುರ್ತು ಕರೆ ಮಾಡಬಹುದು. ಮನೆಯವರಿಗೆ ಕರೆ ಮಾಡಲು ಬೇಕಾದ ಆಪನ್ನು 'ಯಾವಾಗಲೂ ಅನುಮತಿ' ಪಟ್ಟಿಗೆ ಸೇರಿಸಿಡಿ. ಮಗುವಿನ ಫೋನ್‌ನಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ಹಿರಿಯರ ಆಪ್‌ನಲ್ಲಿ ಕಾಣುವ ಪೋಷಕರ ಕೋಡ್‌ನಿಂದ ಲಾಕ್ ತೆಗೆಯಬಹುದು. ಆ ಕೋಡ್ ಆಗಾಗ ಬದಲಾಗುತ್ತದೆ, ಹಾಗಾಗಿ ಮಗು ಒಮ್ಮೆ ಕಂಡರೂ ಮತ್ತೆ ಬಳಸಲಾಗದು.

ಇನ್ನು ಉಳಿದರ್ಧ. ಫ್ಯಾಮಿಲಿ ಲಿಂಕ್‌ನ ತಾಣ ಸೋಸುವಿಕೆ ನಡೆಯುವುದು ಕ್ರೋಮ್‌ ಒಳಗೆ ಮಾತ್ರ. ಅಲ್ಲಿ ಇನ್‌ಕಾಗ್ನಿಟೋ (ನೋಡಿದ್ದರ ದಾಖಲೆ ಉಳಿಸದ ಕಿಟಕಿ) ತಾನಾಗಿ ಮುಚ್ಚಿರುತ್ತದೆ, ಸೇಫ್‌ಸರ್ಚ್ (ಅಶ್ಲೀಲ ಫಲಿತಾಂಶ ಬಿಟ್ಟು ತೋರಿಸುವ ಹುಡುಕಾಟ) ಚಾಲೂ ಇರುತ್ತದೆ. ಆದರೆ ಫೈರ್‌ಫಾಕ್ಸ್, ಒಪೆರಾ, ಫೋನ್ ಕಂಪನಿಯ ಸ್ವಂತ ಬ್ರೌಸರ್ ಯಾವುದಕ್ಕೂ ಅದರ ಮಾತು ನಡೆಯದು. ಕೆಲವು ಫೋನ್‌ಗಳಲ್ಲಿ ಕಂಪನಿ ಬ್ರೌಸರ್ ಮೊದಲೇ ಬಂದಿರುತ್ತದೆ. ಆಪ್ ಮಿತಿ ಪಟ್ಟಿಗೆ ಹೋಗಿ ಅದನ್ನು 'ಬ್ಲಾಕ್' ಮಾಡಿ. ಆಟದ ಆಪ್ ಅಥವಾ ಚಾಟ್ ಆಪ್ ಒಳಗೇ ತೆರೆದುಕೊಳ್ಳುವ ಪುಟಗಳೂ ಇದೇ ಗುಂಪಿಗೆ ಸೇರಿದವು. ಈ ಕಂಡಿ ಮುಚ್ಚಲು ಡಿಎನ್‌ಎಸ್ ಬೇಕು.

ಸೇತುವೆ

ಡಿಎನ್‌ಎಸ್ ಬಗ್ಗೆ ನಾನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪುವವರೇ ಹೆಚ್ಚು.

ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವುದು ಡಿಎನ್‌ಎಸ್. ಕೆಟ್ಟ ತಾಣಗಳಿಗೆ ವಿಳಾಸ ಕೊಡಲು ಒಪ್ಪದ ಡಿಎನ್‌ಎಸ್ ಇಟ್ಟುಕೊಂಡರೆ ಯಾವ ಬ್ರೌಸರ್ ಆದರೂ, ಅದು ತನ್ನದೇ ಬೇರೆ ಡಿಎನ್‌ಎಸ್ ಬಳಸದಿದ್ದರೆ, ಅವು ತೆರೆಯುವುದಿಲ್ಲ. ಪುಕ್ಕಟೆ ಸಿಗುವವುಗಳಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆ 2020ರಿಂದ ಇದೆ: 1.1.1.3 ಮತ್ತು 1.0.0.3. ಇಲ್ಲಿ ಒಂದು ಅಂಕಿ ತಪ್ಪಿದರೆ ಅರ್ಥವೇ ಬದಲು. 1.1.1.1 ಏನನ್ನೂ ಸೋಸುವುದಿಲ್ಲ, 1.1.1.2 ದುಷ್ಟ ತಂತ್ರಾಂಶವನ್ನಷ್ಟೇ ತಡೆಯುತ್ತದೆ, 1.1.1.3 ಮಾತ್ರ ವಯಸ್ಕರ ತಾಣಗಳನ್ನೂ ತಡೆಯುತ್ತದೆ. ಇನ್ನೊಂದು ಕ್ಲೀನ್‌ಬ್ರೌಸಿಂಗ್‌ನ ಕುಟುಂಬ ಸೋಸುಕ: 185.228.168.168 ಮತ್ತು 185.228.169.168. ಇದು ಗೂಗಲ್, ಬಿಂಗ್, ಯೂಟ್ಯೂಬ್‌ಗಳನ್ನು ಸುರಕ್ಷಿತ ಹುಡುಕಾಟಕ್ಕೆ ಕಟ್ಟಿಹಾಕುತ್ತದೆ, ತಡೆಯನ್ನು ಸುತ್ತಿಹೋಗಲು ಬಳಸುವ ವಿಪಿಎನ್ ಮತ್ತು ಪ್ರಾಕ್ಸಿ ತಾಣಗಳನ್ನೂ ತಡೆಯುತ್ತದೆ. ಬಿಗಿ ಹೆಚ್ಚು, ರೆಡಿಟ್‌ನಂಥ ಮಿಶ್ರ ತಾಣಗಳೂ ಹೋಗುತ್ತವೆ. 11 ವರ್ಷಕ್ಕೆ ನನ್ನ ಆಯ್ಕೆ ಇದೇ.

ಮನೆಯ ವೈಫೈ ರೂಟರ್‌ನಲ್ಲಿ ಹಾಕುವಾಗ ಐಪಿವಿ6 (ಇಂಟರ್‌ನೆಟ್ ವಿಳಾಸದ ಹೊಸ ಬಗೆ; ಹಳೆಯದು ಐಪಿವಿ4) ಮರೆಯಬೇಡಿ. ರೂಟರ್‌ನಲ್ಲಿ ಐಪಿವಿ4 ವಿಳಾಸ ಮಾತ್ರ ಬದಲಿಸಿ, ಐಪಿವಿ6ನಲ್ಲಿ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ ಹಾಗೇ ಉಳಿದಿದ್ದರೆ ಫೋನ್ ಆ ದಾರಿಯಲ್ಲಿ ಹೋಗಿಬಿಡುತ್ತದೆ. 'ಒಮ್ಮೆ ತಡೆಯುತ್ತದೆ, ಒಮ್ಮೆ ತಡೆಯುವುದಿಲ್ಲ' ಎಂಬ ದೂರಿಗೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕ್ಲೌಡ್‌ಫ್ಲೇರ್ ಆದರೆ ಐಪಿವಿ6 ವಿಳಾಸ 2606:4700:4700::1113 ಮತ್ತು 2606:4700:4700::1003.

ಮನೆಯಿಂದ ಹೊರಗೆ, ಮೊಬೈಲ್ ಡೇಟಾದಲ್ಲಿ, ರೂಟರ್ ಉಪಯೋಗಕ್ಕೆ ಬಾರದು. ಅದಕ್ಕೆ ಆಂಡ್ರಾಯ್ಡ್ 9ರಿಂದ ಇರುವ 'ಪ್ರೈವೇಟ್ ಡಿಎನ್‌ಎಸ್' ಬಳಸಿ. ಅಲ್ಲಿ ಮೇಲಿನ ಅಂಕಿಗಳನ್ನು ಬರೆದರೆ ಒಪ್ಪುವುದಿಲ್ಲ; ಸೇವೆಯವರು ಕೊಡುವ ಹೆಸರಿನ ರೂಪದ ವಿಳಾಸವನ್ನೇ ಬರೆಯಬೇಕು. ಇದರಿಂದ ಒಂದು ಕಿರಿಕಿರಿ ಉಂಟು. ಗ್ರಂಥಾಲಯ, ಹೋಟೆಲ್‌ಗಳ ವೈಫೈಯಲ್ಲಿ ಲಾಗಿನ್ ಪುಟ ಬಾರದೆ 'ಪ್ರೈವೇಟ್ ಡಿಎನ್‌ಎಸ್ ಸಂಪರ್ಕ ಸಿಗಲಿಲ್ಲ' ಎನ್ನಬಹುದು. ಫೋನ್ ಕೆಟ್ಟಿಲ್ಲ, ಪ್ರೈವೇಟ್ ಡಿಎನ್‌ಎಸ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಾಗಿನ್ ಆಗಿ, ಮತ್ತೆ ಹಾಕಿ.

ಕೀಲಿಕೈ

@ಸೇತುವೆ ಹೇಳಿದ್ದಕ್ಕೆ ಒಂದು ಸೇರ್ಪಡೆ. ಡಿಎನ್‌ಎಸ್‌ಗೆ ತಾಣದ ಹೆಸರು ಕಾಣುತ್ತದೆಯೇ ಹೊರತು ಒಳಗಿನ ಪುಟ ಕಾಣದು. ಇನ್‌ಸ್ಟಾಗ್ರಾಮ್ ತೆರೆದಿದ್ದರೆ ಅದರೊಳಗಿನ ಎಲ್ಲವೂ ತೆರೆದಂತೆ. ಮತ್ತೆ, ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗ್ ಮಗುವಿನ ಕೈಗೆಟುಕುವಂಥದ್ದು. ತಿಂಗಳಿಗೊಮ್ಮೆ ತೆರೆದು ನೋಡಿ.

ಮಾವಿನತೋಪು

ನನಗೆ ಇಲ್ಲಿನ ಯಾವ ಮಾತೂ ಸಮಾಧಾನ ಕೊಡಲಿಲ್ಲ. ಹೊಸಚಿಗುರು ಅವರ ನಾಲ್ಕನೇ ಪ್ರಶ್ನೆಯೇ ಮುಖ್ಯವಾದದ್ದು, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೀರಿ. ಮಗುವಿನ ಜೊತೆ ಯಾರು ಏನು ಮಾತಾಡುತ್ತಿದ್ದಾರೆ ಎಂದು ತಿಳಿಯದೆ ಸಮಯ ಮಿತಿ ಹಾಕಿ ಏನು ಬಂತು? ವಾಟ್ಸಾಪ್, ಟೆಲಿಗ್ರಾಂ ಎಲ್ಲವನ್ನೂ ತೋರಿಸುವ, ಮಗುವಿಗೆ ಕಾಣದಂತೆ ಅಡಗಿ ಕೂರುವ ಆಪ್‌ಗಳಿವೆ. ದುಡ್ಡು ಹೋದರೂ ಅವೇ ವಾಸಿ ಅಲ್ಲವೇ?

ಕೀಲಿಕೈ

ನಿಮ್ಮ ಆತಂಕ ನ್ಯಾಯವಾದದ್ದು, ಮಾವಿನತೋಪು ಅವರೇ. ಆದರೆ ಆ ಬಗೆಯ ಆಪ್ ಬೇಡ, ದಯವಿಟ್ಟು ಬೇಡ. ಕಾರಣ ಕೇಳಿ.

ಇಂಥ ಆಪ್‌ಗಳು ಮಗುವಿನ ಮೆಸೇಜ್, ಫೋಟೋ, ಇರುವ ಜಾಗ ಎಲ್ಲವನ್ನೂ ತಮ್ಮ ಸರ್ವರ್‌ಗೆ ಸಾಗಿಸುತ್ತವೆ. ಆ ಸರ್ವರ್ ಸೋರಿದರೆ ನೀವು ಕಾಯಲು ಹೊರಟಿದ್ದೇ ಬೀದಿಗೆ ಬೀಳುತ್ತದೆ. 2018ರಲ್ಲಿ ಟೀನ್‌ಸೇಫ್ ಎಂಬ ಸೇವೆಯ ಸರ್ವರ್ ಬೀಗವಿಲ್ಲದೆ ತೆರೆದಿತ್ತು. ಮಕ್ಕಳ ಆಪಲ್ ಐಡಿಗಳೂ ಅವುಗಳ ಪಾಸ್‌ವರ್ಡ್‌ಗಳೂ ಯಾವ ಗೂಢಲಿಪಿಯೂ ಇಲ್ಲದೆ ಅಲ್ಲಿದ್ದವು. ಆ ಸೇವೆ ಕೆಲಸ ಮಾಡಬೇಕಾದರೆ ಎರಡು ಹಂತದ ದೃಢೀಕರಣವನ್ನೂ ಆಫ್ ಮಾಡಿರಬೇಕಿತ್ತು. ಇಂಥದೇ ಇನ್ನೊಂದು ಆಪ್ ಎಂಸ್ಪೈ 2015, 2018, 2024ರಲ್ಲಿ ಮೂರು ಸಲ ಸೋರಿದೆ. ಇದೇ ಬಗೆಯ ಆಪ್ ಮಾರುತ್ತಿದ್ದ ಸ್ಪೈಫೋನ್ ಕಂಪನಿಯನ್ನು 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ವ್ಯವಹಾರದಿಂದಲೇ ಹೊರಗಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಇನ್ನು ತಾಂತ್ರಿಕ ಮಾತು. ವಾಟ್ಸಾಪ್ ಮೆಸೇಜ್ ಎರಡು ತುದಿಯ ನಡುವೆ ಗೂಢಲಿಪಿಯಲ್ಲಿ ಹೋಗುತ್ತದೆ. ದಾರಿಯಲ್ಲಿ ಯಾರೂ ಓದಲಾರರು. ಆಪ್‌ಗಳು ಅದನ್ನು ತೋರಿಸುವುದು ಬೇರೆ ದಾರಿಯಿಂದ: ನೋಟಿಫಿಕೇಶನ್ ಓದುವ ಅನುಮತಿ ಮತ್ತು ಅಕ್ಸೆಸಿಬಿಲಿಟಿ ಅನುಮತಿ ಪಡೆದು, ಪರದೆಯ ಮೇಲೆ ಬಂದದ್ದನ್ನು ನಕಲು ಮಾಡುತ್ತವೆ. ಮಗು ಆ ಚಾಟ್ ಮ್ಯೂಟ್ ಮಾಡಿದರೆ ನೋಟಿಫಿಕೇಶನ್ ದಾರಿ ಮುಚ್ಚಿತು. ಮತ್ತೆ, ಅಕ್ಸೆಸಿಬಿಲಿಟಿ ಅನುಮತಿ ಎಂದರೆ ಪರದೆ ಓದುವ, ಮಗುವಿನ ಪರವಾಗಿ ಒತ್ತುವ ಅಧಿಕಾರ; ಅದನ್ನು ಹೆಸರು ಗೊತ್ತಿಲ್ಲದ ಕಂಪನಿಗೆ ಕೊಡುವುದು ಮನೆಯ ಕೀಲಿ ಕೊಟ್ಟಂತೆ.

ಗುರುತಿಸುವುದು ಹೇಗೆ ಎಂದರೆ: 'ಅಡಗಿಸಿಡುತ್ತೇವೆ', 'ಯಾರಿಗೂ ಗೊತ್ತಾಗದು' ಎಂದು ಜಾಹೀರಾತು ಮಾಡುವುದು, ಪ್ಲೇ ಸ್ಟೋರ್ ಬಿಟ್ಟು ತಮ್ಮ ತಾಣದಿಂದ ಎಪಿಕೆ (ಆಪ್ ಹಾಕುವ ಕಡತ) ಇಳಿಸಿಕೊಳ್ಳಲು ಹೇಳುವುದು, ಪ್ಲೇ ಪ್ರೊಟೆಕ್ಟ್ (ಕೆಟ್ಟ ಆಪ್ ಹಿಡಿಯುವ ಗೂಗಲ್‌ನ ಕಾವಲು) ಆಫ್ ಮಾಡಲು ಹೇಳುವುದು. ಮೂರನೆಯದನ್ನು ಕೇಳಿದ ಕ್ಷಣವೇ ಆ ಪುಟ ಮುಚ್ಚಿ.

ಮಾವಿನತೋಪು

ಎಪಿಕೆ ಎಂದರೆಲ್ಲ ಕೆಟ್ಟದ್ದು ಎನ್ನಲಾದೀತೇ? ಹೆಸರುವಾಸಿ ಕಂಪನಿಗಳೂ ಕೊಡುತ್ತವಲ್ಲ.

ಕೀಲಿಕೈ

ಒಪ್ಪುತ್ತೇನೆ, ಅದನ್ನು ನಾನು ಬಿಡಿಸಿ ಹೇಳಬೇಕಿತ್ತು. ಕರೆ ಪಟ್ಟಿ ಮತ್ತು ಎಸ್‌ಎಂಎಸ್ ಓದುವ ಅನುಮತಿಯನ್ನು ಗೂಗಲ್ 2019ರಿಂದ ಪ್ಲೇ ಸ್ಟೋರ್‌ನ ಹೆಚ್ಚಿನ ಆಪ್‌ಗಳಿಗೆ ಕಟ್ಟಿಹಾಕಿದೆ. ಹಾಗಾಗಿ ಆ ಸೌಲಭ್ಯ ಬೇಕೆನ್ನುವವರಿಗೆ ಕೆಲವು ಪ್ರಾಮಾಣಿಕ ಕಂಪನಿಗಳೂ ಬೇರೆ ಎಪಿಕೆ ಕೊಡುತ್ತವೆ. ಆಂಡ್ರಾಯ್ಡ್ 13ರಿಂದ ಮೇಲೆ ಹಾಗೆ ಹಾಕಿದ ಆಪ್‌ಗೆ ಅಕ್ಸೆಸಿಬಿಲಿಟಿ ಕೊಡಲು ಹೋದರೆ 'ನಿರ್ಬಂಧಿತ ಸೆಟ್ಟಿಂಗ್' ಎಂದು ತಡೆಯುತ್ತದೆ. ಆಪ್ ಮಾಹಿತಿ ಪುಟದ ಮೂರು ಚುಕ್ಕಿಯಿಂದ ಬಿಡಿಸಬೇಕು. ಆದರೂ 11 ವರ್ಷದ ಮಗುವಿನ ಕರೆ ಪಟ್ಟಿಗಾಗಿ ಇಷ್ಟೆಲ್ಲ ಬೇಲಿ ಕೀಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಫೋನನ್ನೇ ಕೇಳಿ ತೆಗೆದುಕೊಂಡು ನೋಡಬಹುದು.

ಬೆಳಗುಮನೆ

ನಾಲ್ಕನೆಯದಕ್ಕೆ ಉತ್ತರ ಆಪ್ ಅಂಗಡಿಯಲ್ಲಿ ಹುಡುಕುವುದಕ್ಕಿಂತ, ಮಗು ಬಳಸುವ ಪ್ರತಿ ಆಪ್‌ನ ಒಳಗೆ ಹುಡುಕಿ. ಅಪರಿಚಿತರು ಬರುವ ಬಾಗಿಲು ಅಲ್ಲಿರುತ್ತದೆ.

ವಾಟ್ಸಾಪ್, ಇನ್‌ಸ್ಟಾಗ್ರಾಮ್, ಡಿಸ್ಕಾರ್ಡ್, ಸ್ನ್ಯಾಪ್‌ಚಾಟ್ ಇವೆಲ್ಲ ಕನಿಷ್ಠ 13 ಎನ್ನುತ್ತವೆ. 11ಕ್ಕೆ ಇವನ್ನು ಹಾಕದಿದ್ದರೆ ಅರ್ಧ ಬಾಗಿಲು ಮುಚ್ಚಿದಂತೆಯೇ. ಉಳಿಯುವುದು ಆಟಗಳೊಳಗಿನ ಚಾಟ್. ಯಾವ ಆಟವಾದರೂ ಅನುಮತಿ ಕೊಡುವ ಮೊದಲು ನೀವೇ ಹತ್ತು ನಿಮಿಷ ಆಡಿ ಮೂರು ವಿಷಯ ನೋಡಿ: ಚಾಟ್ ಇದೆಯೇ, ಅದನ್ನು ಪೂರ್ತಿ ಆಫ್ ಮಾಡಬಹುದೇ, ಗೆಳೆಯರ ಕೋರಿಕೆ ಯಾರು ಬೇಕಾದರೂ ಕಳಿಸಬಹುದೇ. ರೋಬ್ಲಾಕ್ಸ್ ಎಂಬ ಆಟದಲ್ಲಿ ಪೋಷಕರ ಖಾತೆ ಜೋಡಿಸಿ ಚಾಟ್ ಮಿತಿ ಹಾಕಬಹುದು. ಅದಕ್ಕೂ ಹುಟ್ಟಿದ ವರ್ಷ ಸರಿ ಇರಬೇಕು.

13 ದಾಟಿದ ಮೇಲೆ ಆಪ್‌ಗಳ ಒಳಗಿನ ಕುಟುಂಬ ಸೌಲಭ್ಯ ಬಳಸಿ. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದವರ ಖಾತೆ ತಂದಿತು: ಖಾತೆ ತಾನಾಗಿ ಖಾಸಗಿ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಮೌನ, 16ಕ್ಕಿಂತ ಚಿಕ್ಕವರು ಇದನ್ನು ಸಡಿಲಿಸಲು ಹಿರಿಯರ ಒಪ್ಪಿಗೆ ಬೇಕು. ಮೇಲ್ವಿಚಾರಣೆ ಜೋಡಿಸಿದರೆ ಕಳೆದ 7 ದಿನ ಯಾರ ಜೊತೆ ಚಾಟ್ ನಡೆದಿದೆ ಎಂಬುದು ಕಾಣುತ್ತದೆ, ಏನು ಮಾತಾಡಿದರು ಎಂಬುದು ಕಾಣದು. ಸ್ನ್ಯಾಪ್‌ಚಾಟ್‌ನ ಫ್ಯಾಮಿಲಿ ಸೆಂಟರ್ ಕೂಡ ಹೀಗೆಯೇ. 'ಯಾರು' ಎಂಬುದು ಗೊತ್ತಾದರೆ ಸಾಕು, ಕೇಳಲು ದಾರಿಯಾಯಿತು. ಪಟ್ಟಿಯಲ್ಲಿ ಶಾಲೆಯವರೂ ಅಲ್ಲದ, ನೆಂಟರೂ ಅಲ್ಲದ ಹೆಸರು ಕಂಡರೆ 'ಇವರು ಎಲ್ಲಿ ಪರಿಚಯ?' ಎಂದು ಸಹಜವಾಗಿ ಕೇಳಿ.

ಸೇತುವೆ

ಬೆಳಗುಮನೆ ಅವರ ಮಾತಿಗೆ ಯೂಟ್ಯೂಬ್ ಸೇರಿಸಬೇಕು. 13 ಆಗದ ಮಗುವಿನ ಖಾತೆಗೆ ಎರಡು ದಾರಿ: ಯೂಟ್ಯೂಬ್ ಕಿಡ್ಸ್, ಇಲ್ಲವೇ ಮೇಲ್ವಿಚಾರಣೆಯ ಯೂಟ್ಯೂಬ್. ಎರಡನೆಯದರಲ್ಲಿ ಮೂರು ಹಂತ; ಮೊದಲನೆಯದು ಸುಮಾರು 9 ವರ್ಷದವರಿಗೆ, ಎರಡನೆಯದು 13ರವರಿಗೆ, ಮೂರನೆಯದು ಹೆಚ್ಚುಕಡಿಮೆ ಎಲ್ಲವೂ. 11ಕ್ಕೆ ಮೊದಲನೆಯ ಹಂತ ಇಡಿ. ಆದರೆ ಇದು ಆ ಖಾತೆಯಲ್ಲಿ ಲಾಗಿನ್ ಆಗಿದ್ದಾಗ ಮಾತ್ರ. ಮನೆಯ ಟಿವಿಯಲ್ಲಿ ಹಿರಿಯರ ಖಾತೆ ತೆರೆದಿದ್ದರೆ ಫೋನಿನ ಮಿತಿಗೆ ಬೆಲೆಯಿಲ್ಲ.

ಕಾಡುಮಲ್ಲಿಗೆ

ಮಗುವಿನ ಕೈಯಲ್ಲಿ ಐಫೋನ್ ಇದ್ದರೆ?

ತಂತಿಜಾಲ

ಆಗ 2018ರಿಂದ ಐಒಎಸ್‌ನಲ್ಲೇ (ಐಫೋನಿನ ಮೂಲ ತಂತ್ರಾಂಶದಲ್ಲೇ) ಇರುವ ಸ್ಕ್ರೀನ್ ಟೈಮ್ ಎಂಬ ಮಿತಿ ಸೌಲಭ್ಯ. ದೂರದಿಂದ ನಿಭಾಯಿಸಲು ಹಿರಿಯರ ಬಳಿಯೂ ಆಪಲ್ ಸಾಧನ ಬೇಕು, ಆಂಡ್ರಾಯ್ಡ್‌ನಿಂದ ಆಗದು. ಮನೆಯವರ ಆಪಲ್ ಖಾತೆಗಳನ್ನು ಜೋಡಿಸುವ ಫ್ಯಾಮಿಲಿ ಶೇರಿಂಗ್‌ನಲ್ಲಿ ಒಟ್ಟು 6 ಜನರಿಗೆ ಜಾಗ.

ತಪ್ಪುವ ಜಾಗಗಳನ್ನಷ್ಟೇ ಹೇಳುತ್ತೇನೆ. ಸ್ಕ್ರೀನ್ ಟೈಮ್ ಪಾಸ್‌ಕೋಡ್ 4 ಅಂಕಿಯದು, ಫೋನ್ ತೆರೆಯುವ ಪಾಸ್‌ಕೋಡ್‌ಗಿಂತ ಬೇರೆಯೇ ಇರಬೇಕು. ಮಗುವಿನ ಎದುರು ಒತ್ತಬೇಡಿ. ಡೌನ್‌ಟೈಮ್ (ಫೋನ್ ನಿಲ್ಲುವ ಹೊತ್ತು) ಹಾಕುವಾಗ 'ಬ್ಲಾಕ್ ಅಟ್ ಡೌನ್‌ಟೈಮ್' ಎಂಬ ಸ್ವಿಚ್ ಚಾಲೂ ಇರಲಿ. ಅದು ಆರಿದ್ದರೆ ಮಗು 'ಮಿತಿ ಕಡೆಗಣಿಸು' ಎಂದು ಒತ್ತಿ ಮುಂದೆ ಹೋಗಬಹುದು. ಎಲ್ಲ ಸರಿಯಾಗಿ ಹಾಕಿದ್ದೇವೆ, ಆದರೂ ನಿಲ್ಲುತ್ತಿಲ್ಲ ಎನ್ನುವವರು ಮೊದಲು ಇದನ್ನು ನೋಡಿ. ಕಂಟೆಂಟ್ ಅಂಡ್ ಪ್ರೈವಸಿ ಭಾಗದಲ್ಲಿ ಖಾತೆ ಬದಲಾವಣೆ ಮತ್ತು ಪಾಸ್‌ಕೋಡ್ ಬದಲಾವಣೆಗೆ 'ಅನುಮತಿ ಇಲ್ಲ' ಎಂದಿಡಿ. ಕಮ್ಯುನಿಕೇಶನ್ ಸೇಫ್ಟಿ ಚಾಲೂ ಇರಲಿ. ನಗ್ನ ಚಿತ್ರ ಬಂದರೆ ಮಸುಕು ಮಾಡಿ ಎಚ್ಚರಿಸುತ್ತದೆ, ಆ ಪರಿಶೀಲನೆ ಫೋನಿನೊಳಗೇ ನಡೆಯುತ್ತದೆ.

ಹೊಸಚಿಗುರು

ಹಾಗಾದರೆ ಕ್ವಸ್ಟೋಡಿಯೋ, ನಾರ್ಟನ್ ಫ್ಯಾಮಿಲಿ ಇಂಥ ದುಡ್ಡಿನ ನಿಗಾ ಆಪ್‌ಗಳು ಯಾರಿಗೆ ಬೇಕು?

ಸೇತುವೆ

ಮನೆಯಲ್ಲಿ ಆಂಡ್ರಾಯ್ಡ್ ಫೋನ್, ವಿಂಡೋಸ್ ಲ್ಯಾಪ್‌ಟಾಪ್, ಐಪ್ಯಾಡ್ ಎಲ್ಲ ಕಲಸಿದ್ದು, ಒಂದೇ ಕಡೆ ವರದಿ ಬೇಕೆನ್ನುವವರಿಗೆ. ಮತ್ತೆ, ಕ್ರೋಮ್ ಅಲ್ಲದ ಬ್ರೌಸರ್‌ಗಳನ್ನೂ ಸೋಸಬೇಕೆನ್ನುವವರಿಗೆ. ನಿಮ್ಮ ಮನೆಗೆ ಇವತ್ತಿಗೆ ಬೇಡ.

ಯಾರಾದರೂ ಕೊಳ್ಳುವುದಾದರೆ ಆಂಡ್ರಾಯ್ಡ್‌ನಲ್ಲಿ ಮೂರು ಕಡೆ ಕೈಕೊಡುತ್ತದೆ ಎಂದು ತಿಳಿದಿರಿ. ಮೊದಲನೆಯದು ಬ್ಯಾಟರಿ. ಶಿಯೋಮಿ, ಒಪ್ಪೋ, ವಿವೋ, ರಿಯಲ್‌ಮಿ ಫೋನ್‌ಗಳು ಹಿನ್ನೆಲೆಯಲ್ಲಿ ಓಡುವ ಆಪ್‌ಗಳನ್ನು ಬೇಗ ನಿಲ್ಲಿಸುತ್ತವೆ. ಆಪ್ ಮಾಹಿತಿ ಪುಟದಲ್ಲಿ ಬ್ಯಾಟರಿ 'ನಿರ್ಬಂಧವಿಲ್ಲ', ಆಟೋಸ್ಟಾರ್ಟ್ 'ಚಾಲೂ' ಎಂದು ಇಡಬೇಕು. ಎರಡನೆಯದು ವಿಪಿಎನ್. ಈ ನಿಗಾ ಆಪ್‌ಗಳ ಸೋಸುವಿಕೆ ಹೆಚ್ಚಾಗಿ ಫೋನಿನೊಳಗಿನ ವಿಪಿಎನ್ ರೂಪದಲ್ಲಿ ನಡೆಯುತ್ತದೆ, ಆಂಡ್ರಾಯ್ಡ್‌ನಲ್ಲಿ ಒಂದು ಪ್ರೊಫೈಲ್‌ಗೆ ಒಂದೇ ವಿಪಿಎನ್. ಮಗು ಪುಕ್ಕಟೆ ವಿಪಿಎನ್ ಚಾಲೂ ಮಾಡಿದರೆ ನಿಮ್ಮದು ಬಿದ್ದುಹೋಗುತ್ತದೆ. ಸೆಟ್ಟಿಂಗ್‌ನಲ್ಲಿ 'ಯಾವಾಗಲೂ ಚಾಲೂ ವಿಪಿಎನ್' ಹಾಕಿ. ಮೂರನೆಯದು ಸೇಫ್ ಮೋಡ್. ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆದರೆ ನಂತರ ಹಾಕಿದ ಆಪ್‌ಗಳೆಲ್ಲ ನಿದ್ದೆ ಹೋಗುತ್ತವೆ, ನಿಗಾ ಆಪ್ ಕೂಡ. ವರದಿಯಲ್ಲಿ 'ಕೊನೆಯ ಸಂಪರ್ಕ' ಗಂಟೆಗಟ್ಟಲೆ ಹಿಂದಿನದಾಗಿದ್ದರೆ ಈ ಮೂರರಲ್ಲಿ ಒಂದು ಎಂದು ಹಿಡಿಯಬಹುದು.

ಅಪಾಯದ ಪದ ಕಂಡರೆ ಎಚ್ಚರಿಸುವ ಆಪ್ ನೋಡುತ್ತಿದ್ದರೆ, ದುಡ್ಡು ಕೊಡುವ ಮೊದಲು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲೂ ಹತ್ತು ಮೆಸೇಜ್ ಕಳಿಸಿ ಪರೀಕ್ಷಿಸಿ. ಹಿಡಿಯದಿದ್ದರೆ ನಿಮ್ಮ ಮಗುವಿನ ಮಾತು ಅದಕ್ಕೆ ಅರ್ಥವಾಗುವುದಿಲ್ಲ.

ಬೆಳಗುಮನೆ

ಮಾವಿನತೋಪು ಅವರು ಕೇಳಿದ ಅಪಾಯದ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಇದನ್ನು ಯಾವ ಆಪ್ ಕೂಡ ಹೇಳಿಕೊಡುವುದಿಲ್ಲ. ಪುಸಲಾಯಿಸುವವರು ಹೆಚ್ಚಾಗಿ ಆಟದಲ್ಲಿ ಪರಿಚಯ ಮಾಡಿಕೊಂಡು 'ಬೇರೆ ಆಪ್‌ಗೆ ಬಾ' ಎನ್ನುತ್ತಾರೆ. ಆ ಒಂದು ವಾಕ್ಯವನ್ನೇ ಮಗುವಿಗೆ ಎಚ್ಚರಿಕೆಯ ಗಂಟೆಯಾಗಿ ಕಲಿಸಿ. ಚಿತ್ರ ಪಡೆದು ಬೆದರಿಸುವ ಹಂತ ಬಂದರೆ: ಹಣ ಕೊಡಬೇಡಿ, ಚಾಟ್ ಅಳಿಸಬೇಡಿ, ಆ ಕಡೆಯವರ ಬಳಕೆದಾರ ಹೆಸರು ಬರೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಿ. ಮಗುವಿನ ಆ ಚಿತ್ರವನ್ನು ಸಾಕ್ಷಿಗೆಂದು ಯಾರಿಗೂ ಕಳಿಸಬೇಡಿ. ಹರಡುವುದನ್ನು ತಡೆಯಲು 'ಟೇಕ್ ಇಟ್ ಡೌನ್' ಎಂಬ ಪುಕ್ಕಟೆ ಸೇವೆ 2023ರಿಂದ ಇದೆ. ಅಲ್ಲಿ ಚಿತ್ರ ನಿಮ್ಮ ಸಾಧನ ಬಿಟ್ಟು ಹೋಗುವುದಿಲ್ಲ. ಅದರ ಅಂಕಿಯ ಬೆರಳಚ್ಚು ಮಾತ್ರ ಹೋಗುತ್ತದೆ, ಒಪ್ಪಿಕೊಂಡ ಜಾಲತಾಣಗಳು ಆ ಬೆರಳಚ್ಚು ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಯಿದ್ದರೆ ಮಗು ಇದನ್ನು ಹೇಳುವುದೇ ಇಲ್ಲ. 'ಹೇಳಿದ್ದಕ್ಕೆ ಫೋನ್ ತೆಗೆದುಕೊಳ್ಳುವುದಿಲ್ಲ' ಎಂದು ಮೊದಲ ದಿನವೇ ಮಾತು ಕೊಡಿ, ಉಳಿಸಿಕೊಳ್ಳಿ.

ಮಾವಿನತೋಪು

ಇದು ಉಪಯೋಗದ ಮಾತು. ಅಡಗಿಸುವ ಆಪ್ ಯೋಚನೆ ಕೈಬಿಟ್ಟೆ. ಅಂದರೆ ಫ್ಯಾಮಿಲಿ ಲಿಂಕ್ ಹಾಕಿದ್ದನ್ನೂ ಮಗುವಿಗೆ ಹೇಳಿಯೇ ಹಾಕಬೇಕು ಎನ್ನುತ್ತೀರಾ?

ಕೀಲಿಕೈ

ಹೌದು, ಪಕ್ಕದಲ್ಲಿ ಕೂರಿಸಿಕೊಂಡೇ ಹಾಕಿ. ಫ್ಯಾಮಿಲಿ ಲಿಂಕ್ ಹೇಗೂ ಅಡಗಿ ಕೂರುವುದಿಲ್ಲ. ಏನೇನು ನೋಡಲಾಗುತ್ತಿದೆ ಎಂದು ಮಗುವಿನ ಫೋನಿನಲ್ಲೇ ಕಾಣುತ್ತದೆ. ಕದ್ದು ನೋಡಿದ್ದು ಗೊತ್ತಾದ ದಿನ ಮಗು ಗೆಳೆಯರ ಫೋನಿನಲ್ಲಿ ಇನ್ನೊಂದು ಖಾತೆ ತೆರೆಯುತ್ತದೆ. ಅಲ್ಲಿಗೆ ನಿಮ್ಮ ಯಾವ ಆಪ್ ಕೂಡ ತಲುಪದು.

ತಂತಿಜಾಲ

ಹೊಸಚಿಗುರು ಅವರೇ, ಎಲ್ಲ ಹಾಕಿದ ಮೇಲೆ ಮಗುವಿಗೆ ಕೊಡುವ ಮೊದಲು ಅರ್ಧ ಗಂಟೆ ನೀವೇ ಮುರಿಯಲು ನೋಡಿ. ಪ್ಲೇ ಸ್ಟೋರ್‌ನಿಂದ ಬೇರೆ ಬ್ರೌಸರ್ ಇಳಿಸಲು ಹೋಗಿ, ಅನುಮತಿ ಕೋರಿಕೆ ನಿಮ್ಮ ಫೋನಿಗೆ ಬರಬೇಕು. ವಯಸ್ಕರ ತಾಣವೊಂದರ ಹೆಸರು ಬರೆದು ನೋಡಿ, ಮೊದಲು ವೈಫೈಯಲ್ಲಿ, ಆಮೇಲೆ ಮೊಬೈಲ್ ಡೇಟಾದಲ್ಲಿ. ಗಡಿಯಾರ ಎರಡು ಗಂಟೆ ಹಿಂದಕ್ಕೆ ತಿರುಗಿಸಿ, ರಾತ್ರಿ ಲಾಕ್ ನಿಲ್ಲುತ್ತದೆಯೇ ನೋಡಿ. ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಡ್ಯುಯಲ್ ಆಪ್, ಸೆಕೆಂಡ್ ಸ್ಪೇಸ್, ಸೆಕ್ಯೂರ್ ಫೋಲ್ಡರ್ ಎಂಬ ಹೆಸರಿನ, ಆಪ್‌ನ ಎರಡನೇ ಪ್ರತಿ ಇಡುವ ಸೌಲಭ್ಯಗಳು ಇದ್ದರೆ ಅಲ್ಲಿ ಹಾಕಿದ ಆಪ್‌ಗೂ ಮಿತಿ ಅನ್ವಯಿಸುತ್ತದೆಯೇ ಪರೀಕ್ಷಿಸಿ, ಇಲ್ಲವಾದರೆ ಅವನ್ನೇ ಬ್ಲಾಕ್ ಮಾಡಿ.

ಒಂದು ಬಲೆ ಇದೆ, ಅದನ್ನು ಗಮನಿಸಿ: ನೀವು ಒಮ್ಮೆ ಅನುಮತಿ ಕೊಟ್ಟ ಆಪನ್ನು ಮಗು ಅಳಿಸಿ ಮತ್ತೆ ಇಳಿಸಿಕೊಂಡರೆ ಎರಡನೇ ಸಲ ಕೋರಿಕೆ ಬರುವುದಿಲ್ಲ. ಮನಸ್ಸು ಬದಲಿಸಿದರೆ ಅಳಿಸುವುದು ಸಾಲದು, ಆಪ್ ಮಿತಿ ಪಟ್ಟಿಯಲ್ಲಿ ಅದನ್ನು ಬ್ಲಾಕ್ ಮಾಡಬೇಕು.

ಹೊಸಚಿಗುರು

ಪರೀಕ್ಷಿಸಿದೆ. ವೈಫೈಯಲ್ಲಿ ಎಲ್ಲ ಸರಿ ಇದೆ. ಮೊಬೈಲ್ ಡೇಟಾದಲ್ಲಿ ತಾಣ ತೆರೆದುಕೊಂಡಿತು.

ಸೇತುವೆ

ಪ್ರೈವೇಟ್ ಡಿಎನ್‌ಎಸ್ 'ಆಟೋಮ್ಯಾಟಿಕ್' ಎಂದೇ ಉಳಿದಿರಬೇಕು, ರೂಟರ್ ಮಾತ್ರ ಸೋಸುತ್ತಿದೆ. ಹೆಸರಿನ ವಿಳಾಸ ಬರೆದು 'ಸೇವ್' ಒತ್ತಿ, ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ. ಆಮೇಲೂ ತೆರೆದರೆ ಬ್ರೌಸರ್ ಸೆಟ್ಟಿಂಗ್‌ನಲ್ಲಿ 'ಸುರಕ್ಷಿತ ಡಿಎನ್‌ಎಸ್' ಬೇರೆ ಸೇವೆಗೆ ತಿರುಗಿದೆಯೇ ನೋಡಿ.

ಹೊಸಚಿಗುರು

'ಆಟೋಮ್ಯಾಟಿಕ್' ಎಂದೇ ಇತ್ತು. ಬದಲಿಸಿದೆ, ಈಗ ಎರಡರಲ್ಲೂ ತೆರೆಯುತ್ತಿಲ್ಲ.